ಕೈ ಮುಚ್ಚಿದ ಬಟನ್‌ಗಳು

ಮೆಸೇಜ್ ಆ್ಯಪ್ ಒಂದಕ್ಕೆ ವಿಡಿಯೊ ಕಾಲ್‌ನ ಪರದೆ ವಿನ್ಯಾಸ ಮಾಡುವುದು ನನ್ನ ಕೆಲಸ. ಜನರ ಕೈಗೆ ಕೊಟ್ಟು ನೋಡೋಣವೆಂದು ಬಟವಾಡಿಯ ಒಂದು ಟೈಲರ್ ಅಂಗಡಿಗೆ ಹೋಗಿದ್ದೆ. ಅಲ್ಲಿ ಹೊಲಿಯುತ್ತಿದ್ದ ಹೆಂಗಸಿಗೆ ಕಿವಿ ಕೇಳಿಸದು, ಮಾತೂ ಬಾರದು. ಕುಣಿಗಲ್‌ನಲ್ಲಿರುವ ಅವರ ಅಕ್ಕನಿಗೂ ಹಾಗೆಯೇ. ಆಕೆ ಫೋನನ್ನು ಹೊಲಿಗೆ ಮಿಷನ್ನಿಗೆ ಒರಗಿಸಿ ಅಕ್ಕನಿಗೆ ಕಾಲ್ ಮಾಡಿದರು. ಎರಡೇ ನಿಮಿಷಕ್ಕೆ ಬೇಸರದಿಂದ ಆಫ್ ಮಾಡಿಬಿಟ್ಟರು.

ಪಕ್ಕದಲ್ಲಿದ್ದ ಅವರ ಅತ್ತಿಗೆ ಹೇಳಿದರು: "ಅಕ್ಕನ ಮುಖ ಚೆನ್ನಾಗ್ ಕಾಣ್ತದೆ ಸಾರ್. ಆದ್ರೆ ಕೆಳಗಿನ ಬಟನ್‌ಗಳು ಕೈನ ಮುಚ್ಚಾಕ್ತವೆ. ಇವ್ರ ಮಾತೆಲ್ಲ ಕೈಯಲ್ಲೇ ಅಲ್ವಾ?"

ಮುಖಕ್ಕೆ ಜಾಗ ಮಾಡುವುದರಲ್ಲೇ ತಿಂಗಳುಗಟ್ಟಲೆ ಕಳೆದಿದ್ದ ನನಗೆ ನಾಚಿಕೆಯಾಯಿತು. ಪರದೆಯನ್ನು ಮುಟ್ಟಿದಾಗ ಮಾತ್ರ ಬಟನ್‌ಗಳು ಬರುವಂತೆ ಬದಲಾಯಿಸಿ, ಮುಂದಿನ ವಾರ ಮತ್ತೆ ಹೋದೆ. ಅಕ್ಕತಂಗಿಯರು ಅರ್ಧ ಗಂಟೆ ಮಾತಾಡಿದರು. ನಡುವೆ ತಂಗಿ ನನ್ನತ್ತ ಬೊಟ್ಟು ಮಾಡಿ ಏನೋ ಹೇಳಿದರು, ಇಬ್ಬರೂ ನಕ್ಕರು.

"ಏನಂದ್ರು?" ಅಂತ ಅತ್ತಿಗೆಯನ್ನು ಕೇಳಿದೆ.

"ಅದು ಅಕ್ಕತಂಗಿ ಮಾತು, ಬುಡಿ ಸಾರ್" ಅಂದರು.

ಹೊರಡುವಾಗ ಆಕೆಗೆ ಕೈಮುಗಿದೆ. ಅವರ ಭಾಷೆಯಲ್ಲಿ ನನಗೆ ಗೊತ್ತಿದ್ದದ್ದು ಅದೊಂದೇ ಮಾತು.