ಸಾಣೆಕಲ್ಲಿನ ಮೇಲಿನ ಎರಡು ಕೈಗಳು

ಲೆಶ್ನೊವೆಟ್ಸ್ ಪಟ್ಟಣದಲ್ಲಿ ಚಾಕು, ಕತ್ತರಿ, ಕುಡುಗೋಲುಗಳಿಗೆ ಸಾಣೆ ಹಿಡಿಯುತ್ತಿದ್ದ ವಲೆಂಟಿ ಕುಚೆರಾ ಸಂಜೆ ಅಂಗಡಿ ಮುಚ್ಚುವ ಮುನ್ನ ಒಂದು ಕೆಲಸವನ್ನು ತಪ್ಪಿಸುತ್ತಿರಲಿಲ್ಲ. ಸಾಣೆಯ ಚಕ್ರವನ್ನು ಮೆಲ್ಲಗೆ ತಿರುಗಿಸಿ, ಅದರ ಚಪ್ಪಟೆ ಬದಿಯಲ್ಲಿ ಕೆತ್ತಿದ್ದ ಎರಡು ಕೈಗಳು ಮೇಲೆ ಬರುವಂತೆ ನಿಲ್ಲಿಸುತ್ತಿದ್ದ. ಚಕ್ರದ ಕೆಳಭಾಗ ಅಡಿಯ ತೊಟ್ಟಿಯ ನೀರಿನಲ್ಲಿ ಮುಳುಗಿರುತ್ತಿತ್ತು. ನೀರಿನಲ್ಲಿ ನಿಂತ ಮರಳುಗಲ್ಲು ಮೆತ್ತಗಾಗಿ ಬೇಗ ಸವೆಯುತ್ತದೆಂದು, ರಾತ್ರಿ ತೊಟ್ಟಿ ಬರಿದು ಮಾಡಬೇಕೆಂದು ಕಸುಬಿನವರಿಗೆಲ್ಲ ಗೊತ್ತು. ಆದರೂ ಅವನ ತಂದೆ ತೆಯೋಫಿಲ್ ಹಾಗೆಯೇ ನಿಲ್ಲಿಸುತ್ತಿದ್ದ. ಕಾರಣ ಕೇಳಿದರೆ, “ಕೈ ನೀರಲ್ಲಿ ಇರಬಾರದು” ಎಂದಷ್ಟೇ ಹೇಳುತ್ತಿದ್ದ.

ಕಲ್ಲು ಯೆಹೂದಿಗಳ ಸ್ಮಶಾನದ್ದು. ನದಿಯಾಚೆಯ ದಿಬ್ಬದಲ್ಲಿ ಇನ್ನೂರು ವರ್ಷಗಳ ಸಮಾಧಿಗಳಿದ್ದವು. ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನರು ಪಟ್ಟಣದ ಯೆಹೂದಿಗಳನ್ನು ಕೊಂದರು. ಕಲ್ಲುಗಳನ್ನು ಕೀಳಿಸಿ ರಸ್ತೆಗೆ ಹಾಸಿಸಿದರು. ಉಳಿದವನ್ನು ಆಮೇಲೆ ಊರವರೇ ಹೊಸ್ತಿಲಿಗೆ, ಹಂದಿಗೂಡಿಗೆ, ಬಾವಿಕಟ್ಟೆಗೆ ಸಾಗಿಸಿದರು. ದಿಬ್ಬದ ಮರಳು ಮನೆ ಕಟ್ಟುವವರ ಪಾಲಾಯಿತು. ಈಗ ಅಲ್ಲಿರುವುದು ಶಾಲೆಯ ಮೈದಾನ. ತೆಯೋಫಿಲ್ ಒಂದು ಕಲ್ಲನ್ನು ಗುಂಡಗೆ ಕಡಿದು, ಅಚ್ಚಿಗೆಂದು ನಡುವೆ ತೂತು ಕೊರೆದಿದ್ದ.

೧೯೯೪ರ ವಸಂತದಲ್ಲಿ ಶಾಲೆಯ ಶಿಕ್ಷಕಿ ಹೆದ್ವಿಗಾ, ಸಿಕ್ಕ ಕಲ್ಲುಗಳನ್ನು ಸೇರಿಸಿ ಮೈದಾನದಂಚಿನಲ್ಲೊಂದು ಸ್ಮಾರಕ ಗೋಡೆ ಕಟ್ಟಿಸತೊಡಗಿದಳು. ವಲೆಂಟಿ ಚಕ್ರವನ್ನು ಅಳೆದು ನೋಡಿದ. ಕೆಳಗಿನ ಅಕ್ಷರಗಳು ಆಗಲೇ ಸವೆದುಹೋಗಿದ್ದವು. ಮೇಲೆ ಕೈಬೆರಳ ತುದಿಯಿಂದ ಅಂಚಿಗೆ ಎರಡಂಗುಲ ಉಳಿದಿತ್ತು. ಇನ್ನೆರಡು ವರ್ಷ ಸಾಣೆ ಹಿಡಿದರೆ ಬೆರಳುಗಳೂ ಹೋಗುತ್ತವೆ. ಆದರೆ ಎಪ್ಪತ್ತು ದಾಟಿದ ಅವನ ಕೈಗೆ ಪಳಗಿದ ಚಕ್ರ ಅದೊಂದೇ.

ಸಾಸೇಜ್ ಮಾರುವ ಗೆನೊವೆಫಾ ಚಾಕುಗಳನ್ನು ತಂದು, ‘ಪಾನ್’ ಎಂದು ಮರ್ಯಾದೆಯಿಂದ ಕರೆದೇ ಕಿಚಾಯಿಸಿದಳು.

“ಪಾನ್ ವಲೆಂಟಿ, ನಿಮ್ಮ ಚಕ್ರಾನೂ ನಿಮ್ಮ ಹಾಗೇ ಕುಂಟುತ್ತಲ್ರೀ. ಟೀಚರಮ್ಮನಿಗೆ ಕೊಡ್ತೀರಂತೆ?”

“ಯಾರು ಹೇಳಿದ್ದು?”

“ನಿಮ್ಮ ಮುಖಾನೇ ಹೇಳ್ತಿದೆ. ಆಮೇಲೆ ನನ್ನ ಚಾಕೂನ ಹಲ್ಲಲ್ಲಿ ಮಸೀತೀರಾ? ಅದೂ ಇಲ್ಲ ನಿಮಗೆ.”

“ನಿಮ್ಮನೆ ಹೊಸ್ತಿಲೂ ಅಲ್ಲಿಂದಾನೇ ಬಂದಿದ್ದು, ಪಾನಿ ಗೆನೊವೆಫಾ.”

“ಅದು ಬೋರಲಾಗಿದೆ. ಬೋರಲಾಗಿರೋದನ್ನ ಯಾರು ಕೇಳ್ತಾರೆ?”

ಅವಳ ಚಾಕುಗಳನ್ನು ಮಸೆದುಕೊಟ್ಟು ವಲೆಂಟಿ ಅಚ್ಚನ್ನು ಬಿಚ್ಚಿದ. ಮರುದಿನ ಚಕ್ರವನ್ನು ಕೈಗಾಡಿಯಲ್ಲಿಟ್ಟು ಮೈದಾನಕ್ಕೆ ತಳ್ಳಿಕೊಂಡು ಹೋದ.

“ಇದು ಅವರ ಪುರೋಹಿತ ಮನೆತನದ ಗುರುತು, ಆಶೀರ್ವಾದ ಮಾಡೋ ಕೈಗಳು,” ಎಂದಳು ಹೆದ್ವಿಗಾ. “ಹೆಸರೆಲ್ಲಿದೆ?”

“ತೂತು ಬಿದ್ದಿರೋದು ಅದರ ಮೇಲೇ ಇರಬೇಕು.”

“ಕೆಳಗಿನ ಸಾಲುಗಳು?”

“ಊರಿನ ಚಾಕುಗಳಿಗೆ ಹೋದವು.”

“ಒಂದೇ ಕಡೆ ಇಷ್ಟು ಸವೆದಿದೆಯಲ್ಲ?”

“ನಮ್ಮಪ್ಪ ಕಸುಬು ಗೊತ್ತಿಲ್ಲದೆ ಆ ಕಡೇನ ನೀರಲ್ಲಿ ಬಿಟ್ಟಿದ್ದಲ್ಲ, ಅಮ್ಮಾ,” ಎಂದ ವಲೆಂಟಿ. ಗಾರೆಯವನು ಯಾವ ಕಡೆ ಮೇಲೆ ಎಂದು ಕೇಳುವ ಮೊದಲೇ ಕಲ್ಲನ್ನು ತಿರುಗಿಸಿ ಕೊಟ್ಟ.

ಆ ವಾರವೇ ನಗರದಿಂದ ಹೊಸ ಚಕ್ರ ಬಂತು. ಮೊದಲ ದಿನದ ಕೆಲಸ ಮುಗಿದಾಗ ರೂಢಿಯಂತೆ ಅದನ್ನು ತಿರುಗಿಸಿ ನೋಡಿದ. ಎಲ್ಲ ಕಡೆಯೂ ಒಂದೇ ಸಮನಾಗಿತ್ತು. ಅವನು ಬಗ್ಗಿ ತೊಟ್ಟಿಯ ಬಿರಡೆ ಕಿತ್ತು, ನೀರೆಲ್ಲ ಹರಿದುಹೋಗುವವರೆಗೆ ಕಾದು ನಿಂತ.