ಫ್ರೆಂಚ್ ಅಜ್ಜನ ಶಿಲುಬೆ

ಇಂಥ ಕಥೆಗಳನ್ನು ಯಾರಾದರೂ ಶುರು ಮಾಡಿದರೆ ನಾನು ಎದ್ದು ಚಾ ಮಾಡಲು ಹೋಗುತ್ತಿದ್ದವಳು. ವರ್ಷಗಟ್ಟಲೆ ಐಸಿಯುನಲ್ಲಿ ಡ್ಯೂಟಿ ಮಾಡಿದ ನರ್ಸಿಗೆ ಎಂಥ ದೆವ್ವ, ಎಂಥ ಭೂತ ಎಂದು ಗೆಳತಿಯರನ್ನು ಗೇಲಿ ಮಾಡುತ್ತಿದ್ದೆ. ಈಗ ನೀವೂ ಎದ್ದು ಹೋದರೆ ನನಗೆ ಬೇಸರವಿಲ್ಲ.

ಹತ್ತು ಹನ್ನೆರಡು ವರ್ಷಗಳ ಹಿಂದಿನ ಮಾತು. ನಾನು ಅಬುಧಾಬಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದೆ. ಮಗಳ ಮನೆಗೆಂದು ಬಂದಿದ್ದ ಫ್ರೆಂಚ್ ಅಜ್ಜರೊಬ್ಬರು ಹೃದಯದ ಕಾಯಿಲೆಯಿಂದ ನಮ್ಮ ವಾರ್ಡು ಸೇರಿದರು. ಒಂದು ದಿನ ನನ್ನ ಕೊರಳಿನ ಶಿಲುಬೆ ನೋಡಿ, ದಿಂಬಿನಡಿಯಿಂದ ಕಂಚಿನ ಶಿಲುಬೆಯೊಂದನ್ನು ತೆಗೆದು ನನ್ನ ಕೈಗಿಟ್ಟರು. "ಇದು ನನ್ನ ಗೆಳೆಯನಿಗೆ ಸಿಗಬೇಕಿತ್ತು. ನನಗೆ ಕೊಟ್ಟರು. ಅವನ ಆತ್ಮಕ್ಕಾಗಿ ಪ್ರಾರ್ಥನೆ ಮಾಡು," ಎಂದರು ಹರುಕು ಇಂಗ್ಲಿಷಿನಲ್ಲಿ. ಗೆಳೆಯನ ಹೆಸರು ಕೇಳಿದೆ. ಅದನ್ನು ಹೇಳುವ ಮುಖ ತನಗಿಲ್ಲ ಎಂದು ಕಣ್ಣು ಮುಚ್ಚಿಕೊಂಡರು.

ನೀಲಿ ಕೆಂಪು ರಿಬ್ಬನ್ನು, ಶಿಲುಬೆಯ ನಡುವೆ ಹೆಣ್ಣಿನ ಮುಖ, ಅದರ ಹಿಂದೆ ಅಡ್ಡಡ್ಡವಾಗಿ ಎರಡು ಕತ್ತಿ. ಮಂಗಳೂರಿನ ಕೆಥೊಲಿಕ್ ಮನೆಯಲ್ಲಿ ಬೆಳೆದವಳಿಗೆ ಅದು ಎದೆಗೆ ಕತ್ತಿ ನಾಟಿದ ವ್ಯಾಕುಲ ಮಾತೆ, ಏಸುವಿನ ತಾಯಿಯಲ್ಲದೆ ಇನ್ಯಾರು? ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಫ್ಲ್ಯಾಟಿಗೆ ತಂದು, ಫ್ರಿಜ್ಜಿನ ಪಕ್ಕ ದೇವರಿಗೆಂದು ಮಾಡಿಕೊಂಡಿದ್ದ ನಮ್ಮ ಪುಟ್ಟ ಆಲ್ತಾರಿನಲ್ಲಿಟ್ಟೆ.

ಅಲ್ಲಿ ನಾವು ನಾಲ್ವರು ನರ್ಸುಗಳು ಸಂಜೆ ಜಪಸರ ಹೇಳುತ್ತಿದ್ದೆವು. ಕೊನೆಗೆ ಒಬ್ಬೊಬ್ಬರೂ ತಮ್ಮವರಲ್ಲಿ ತೀರಿಹೋದವರ ಹೆಸರು ಹೇಳುವುದು, ಪ್ರತಿ ಹೆಸರಿಗೂ ಎಲ್ಲರೂ ಸೇರಿ ಪ್ರಾರ್ಥಿಸುವುದು ಊರಿನಿಂದ ತಂದ ವಾಡಿಕೆ. ಆ ಸಂಜೆ ನಾನು "ಅಜ್ಜನ ಗೆಳೆಯನಿಗಾಗಿ" ಎಂದಷ್ಟೇ ಹೇಳಿದೆ. ಆ ಪ್ರಾರ್ಥನೆ ಮುಗಿಯುತ್ತಿದ್ದಂತೆ ಯಾರೋ ಮೆಲ್ಲನೆ "ಲೂಸಿಯೆನ್" ಎಂದರು. ಕಣ್ಣು ಮುಚ್ಚಿಕೊಂಡೇ ಅದಕ್ಕೂ ಪ್ರಾರ್ಥಿಸಿದೆವು.

ಮುಗಿದ ಮೇಲೆ, ನಮ್ಮಲ್ಲಿ ಹಿರಿಯರಾದ ಸೆವ್ರಿನಕ್ಕ ನನ್ನನ್ನು, "ಲೂಸಿಯೆನ್ ಅಂದ್ರೆ ಯಾರು ಮಾರಾಯ್ತಿ, ನಿಮ್ಮ ಪೈಕಿಯವನಾ?" ಎಂದು ಕೇಳಿದರು. ನಾನೋ, ಅವರೇ ಹೇಳಿದ್ದೆಂದು ತಿಳಿದಿದ್ದೆ. ಉಳಿದಿಬ್ಬರೂ ಹೇಳಿರಲಿಲ್ಲ. "ಪ್ರಾರ್ಥನೆಯಲ್ಲಿ ಎಂಥ ತಮಾಷೆ ನಿಮ್ದು," ಎಂದು ಅಕ್ಕ ಬೈದರು. ಯಾರೂ ನಗಲಿಲ್ಲ.

ಮರುದಿನ ಶಿಲುಬೆಯನ್ನು ಅಜ್ಜನ ಮಗಳಿಗೆ ಮರಳಿಸಿ, ಆಲ್ತಾರಿನಲ್ಲಿಟ್ಟಿದ್ದನ್ನು ಹೇಳಿದೆ. ಆಕೆ ನಕ್ಕಳು. ಅದು ಯುದ್ಧದಲ್ಲಿ ಶೌರ್ಯ ತೋರಿದವರಿಗೆ ಫ್ರಾನ್ಸ್ ಕೊಡುವ ಪದಕವಂತೆ. ಅಪ್ಪ ಐವತ್ತರ ದಶಕದಲ್ಲಿ ವಿಯೆಟ್ನಾಮಿನಲ್ಲಿ ಫ್ರೆಂಚರು ನಡೆಸಿದ ಯುದ್ಧದಲ್ಲಿ ಗಾಯಾಳುಗಳನ್ನು ಹೊತ್ತು ತಂದದ್ದಕ್ಕೆ ಸಿಕ್ಕಿದ್ದಂತೆ. ಲೂಸಿಯೆನ್ ಎಂಬ ಹೆಸರನ್ನು ಆಕೆ ಕೇಳಿಯೇ ಇರಲಿಲ್ಲ.

ಆಕೆ ಹೊರಗೆ ಹೋದಾಗ ಅಜ್ಜನ ಕಿವಿಯ ಬಳಿ ಬಗ್ಗಿ ಆ ಹೆಸರು ಹೇಳಿದೆ. ಅವರು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. "ಅವನು ಬಂದಿದ್ದನೇ? ನನ್ನನ್ನು ಕ್ಷಮಿಸಿದನೇ?"

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಹೆಸರು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ ಎಂದು. ಅಜ್ಜ ಕೈ ಬಿಟ್ಟು ಗೋಡೆಯ ಕಡೆ ಹೊರಳಿದರು. ಮತ್ತೆ ನನ್ನೊಡನೆ ಮಾತಾಡಲಿಲ್ಲ. ಆ ವಾರವೇ ತೀರಿಕೊಂಡರು.

ಅಂದು ಆ ಹೆಸರು ಹೇಳಿದ್ದು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ. ಗೊತ್ತಾಗದಿದ್ದರೂ ಬದುಕಬಹುದು. ಸಾಯಲಿರುವ ಎಷ್ಟೋ ಜನರಿಗೆ ನಾಳೆ ಹುಷಾರಾಗುತ್ತೀರಿ ಎಂದು ಸಲೀಸಾಗಿ ಹೇಳಿದವಳು ನಾನು. ಆ ಅಜ್ಜನಿಗೆ ಮಾತ್ರ, ಹೌದು, ಕ್ಷಮಿಸಿದ್ದಾನೆ ಎನ್ನಲು ನನಗೆ ಬಾಯಿ ಬರಲಿಲ್ಲ.