ಏಡಿ ಸತ್ತಿದೆ ಎಂದವನು ನಾನೇ

ಕಳೆದ ಭಾನುವಾರ ಬೆಳಿಗ್ಗೆ ನಾನು ಒಂದು ಏಡಿ ಸತ್ತಿದೆ ಎಂದು ತೀರ್ಪು ಕೊಟ್ಟೆ. ಬೀದಿಯವರೆಲ್ಲ ನಂಬಿದರು. ನಂಬದೆ ಏನು? ಅರಸೀಕೆರೆಯ ನಮ್ಮ ಬೀದಿಯಲ್ಲಿ ಪ್ರಾಣಿಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿದವನು ನಾನೊಬ್ಬನೇ. (ನಮ್ಮ ವಂಶದಲ್ಲೂ ನಾನೊಬ್ಬನೇ. ಇದನ್ನು ಈ ಅಂಕಣದಲ್ಲಿ ಮೊದಲೂ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ.)

ಏಡಿ ಪಕ್ಕದ ಮನೆಯ ಬಸವರಾಜುವಿನದು. ರೈಲ್ವೆ ಗಾರ್ಡು. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಆತ ಮುಂದಿನ ಕೋಣೆಯಲ್ಲಿ ಗಾಜಿನ ತೊಟ್ಟಿ ಇಟ್ಟು ಮೀನು ಸಾಕಿದ್ದಾನೆ. ಕೆರೆಯ ಮೀನಲ್ಲ ಸ್ವಾಮಿ, ಸಮುದ್ರದ್ದು. ಮಂಗಳೂರು ಗಾಡಿಯಲ್ಲಿ ಬರುವ ಗೆಳೆಯರ ಕೈಲಿ ಕ್ಯಾನುಗಟ್ಟಲೆ ಉಪ್ಪುನೀರು, ಪಾಚಿ ಹಿಡಿದ ಕಲ್ಲು ತರಿಸುತ್ತಾನೆ. ಗುಳುಗುಳು ಅಂತ ಗಾಳಿ ಬಿಡಲು ಪುಟ್ಟ ಮೋಟರು. ನೀಲಿ, ಹಳದಿ ಸೇರಿ ಐದು ಮೀನು.

ಸಂಜೆಯಾದರೆ ಬೀದಿಯೇ ಅಲ್ಲಿ. ನನ್ನ ಹೆಂಡತಿಯೂ ಅಲ್ಲೇ. ನನ್ನ ಮನೆಯ ಮುಂದಿನ ಕೋಣೆಯಲ್ಲೂ ಗಾಜಿನ ಹಿಂದೆ ಒಂದು ವಸ್ತು ಇದೆ, ನನ್ನ ಡಿಗ್ರಿ ಸರ್ಟಿಫಿಕೇಟು. ಅದನ್ನು ನೋಡಲು ಇದುವರೆಗೆ ಯಾರು ಬಂದಿದ್ದಾರೆ?

ಹೊಟ್ಟೆಕಿಚ್ಚೇ. ಬೇರೆ ಹೆಸರು ಯಾಕೆ ಕೊಡಲಿ?

ಆದರೂ ಒಂದು ಸಮಾಧಾನವಿತ್ತು. ಅನುಮಾನ ಬಂದರೆ ಆತ ನನ್ನನ್ನೇ ಕೇಳುತ್ತಿದ್ದ. ಹೋದ ತಿಂಗಳು ಕಲ್ಲಿನ ಜೊತೆ ಒಂದು ಪುಟ್ಟ ಏಡಿಯೂ ಬಂತು. ಕಾಂಪೌಂಡ್ ಆಚೆಯಿಂದ ಕೇಳಿದ, "ಮೇಷ್ಟ್ರೇ, ನೀವು ಓದಿರೋರು. ಮೀನಿನ ಜೊತೆ ಏಡಿ ಬಿಡಬೌದಾ?"

"ಖಂಡಿತಾ ಬೇಡ. ಒಂದೊಂದಾಗಿ ಹಿಡಿದು ತಿನ್ನುತ್ತೆ" ಅಂದೆ.

ನಿಜ ಹೇಳಲೇ? ಕಾಲೇಜಿನಲ್ಲಿ ನಾನು ನೋಡಿದ ಏಡಿ ಫಾರ್ಮಲಿನ್ ಬಾಟಲಿಯಲ್ಲಿತ್ತು. ಅದು ಏನನ್ನೂ ತಿನ್ನುತ್ತಿರಲಿಲ್ಲ.

"ಪಾಪ, ಇಷ್ಟೇ ಇಷ್ಟು ಐತೆ" ಅಂತ ಬಸವರಾಜು ಬಿಟ್ಟೇಬಿಟ್ಟ. ದಿನಾ ಬೆಳಿಗ್ಗೆ ನಾನು ಹಲ್ಲುಜ್ಜುತ್ತಾ ವಿಚಾರಿಸುತ್ತಿದ್ದೆ, "ಎಷ್ಟು ಮೀನಿದಾವೆ?"

"ಐದೂ ಅವೆ ಮೇಷ್ಟ್ರೇ."

ಏಡಿ ಮೀನು ಬಿಟ್ಟ ಚೂರುಪಾರು ತಿಂದುಕೊಂಡು ಸಭ್ಯಸ್ಥನ ಹಾಗೆ ಇತ್ತು. ನನಗೆ ಬಾಯಲ್ಲಿದ್ದ ಪೇಸ್ಟೂ ಕಹಿ.

ಹಾಗಾಗಿ ಭಾನುವಾರ "ಏಡಿ ಅಲ್ಲಾಡ್ತಾ ಇಲ್ಲ" ಎಂದು ಆತ ಕರೆದಾಗ ಚಪ್ಪಲಿಯನ್ನೂ ಹಾಕದೆ ಓಡಿದೆ. ಮರಳಿನ ಮೇಲೆ ಬಿದ್ದಿತ್ತು. ಕಣ್ಣು, ಕಾಲು ಎಲ್ಲ ಇತ್ತು, ಜೀವ ಇರಲಿಲ್ಲ. ಗಾಜಿನ ಹೊರಗಿನಿಂದಲೇ ಜೇಬಿನ ಪೆನ್ನು ತೆಗೆದು ತೋರಿಸಿ ಹೇಳಿದೆ: ಸತ್ತಿದೆ, ನೀರು ಕೆಟ್ಟಿದೆ, ನಾಳೆ ಮೀನುಗಳ ಸರದಿ, ತೊಟ್ಟಿ ಖಾಲಿ ಮಾಡುವುದು ಒಳ್ಳೆಯದು.

ಬಸವರಾಜು ಮೋಟರು ನಿಲ್ಲಿಸಿ ಬಕೆಟ್ಟು ತಂದ. ನನಗೆ ಖುಷಿಯಾಯಿತು. ಆಯಿತು, ಸುಳ್ಳು ಬರೆಯುವುದಿಲ್ಲ.

ಅಷ್ಟರಲ್ಲಿ ನಮ್ಮಮ್ಮ ಬಂದಳು. ಹಳೇಬೀಡು ಕೆರೆಯ ಕೆಳಗಿನ ಗದ್ದೆಗಳಲ್ಲಿ ಏಡಿ ಹಿಡಿದು ಬೆಳೆದವಳು. (ಆ ವಿಷಯ ನಮ್ಮ ಸ್ಕೂಲಿನವರ ಮುಂದೆ ಎತ್ತಬೇಡ ಎಂದು ನಾನೇ ಹೇಳಿಟ್ಟಿದ್ದೆ.) ಸೆರಗು ಸಿಕ್ಕಿಸಿ, ನೀರಿಗೆ ಕೈ ಹಾಕಿ ಅದನ್ನೆತ್ತಿ ಬೆರಳಲ್ಲಿ ಒತ್ತಿದಳು. ಚಿಪ್ಪು ಹಿಂದಿನಿಂದ ಬಾಯಿ ಬಿಟ್ಟಿತು. ಒಳಗೆ ಏನೂ ಇಲ್ಲ.

"ಬರೀ ಪೊರೆ ಕಣ್ಲಾ ಇದು. ಬುಟ್ಟು ಓಗೈತೆ. ಆ ಕಲ್ಲಡಿ ನೋಡು, ಕುಂತಿರ್ತೈತೆ."

ಕೂತಿತ್ತು. ಮೊದಲಿಗಿಂತ ದಪ್ಪಗೆ.

"ಈಗ ಅದರ ಮೈ ಬೆಣ್ಣೆ ಇದ್ದಂಗೆ ಬಸವರಾಜು. ಅದು ಮೀನ್ನ ತಿನ್ನಾಕಿಲ್ಲ, ಮೀನೇ ಅದನ್ನ ಕಿತ್ತು ತಿಂದ್ಬುಡ್ತವೆ. ಗಟ್ಟಿ ಆಗೋಗಂಟ ಕಲ್ಲು ಕದಲಿಸ್ಬ್ಯಾಡ. ಬೆಳ್ದು ಅಂಗೈಯಗಲ ಆದ್ರೆ ಮಾತ್ರ ನಂಬಬ್ಯಾಡ, ಬೇರೆ ಇಡು."

ಆಮೇಲೆ ನನ್ನ ಕಡೆ ತಿರುಗಿದಳು. "ಇದನ್ನ ನಿಂಗೆ ಕಾಲೇಜ್ನಾಗೆ ಹೇಳ್ಕೊಡ್ಲಿಲ್ವೇನ್ಲಾ?"

ಹೇಳಿಕೊಟ್ಟಿದ್ದರು. ಏಡಿ ಪೊರೆ ಬಿಡುವ ಬಗ್ಗೆ ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದೆ, ಚಿತ್ರ ಸಮೇತ. ಒಳ್ಳೆ ಮಾರ್ಕ್ಸೂ ಬಂದಿತ್ತು.

ಈಗ ಸಂಜೆ ಹೊತ್ತು ತೊಟ್ಟಿಯ ಪಕ್ಕ ಅಮ್ಮನಿಗೊಂದು ಕುರ್ಚಿ. ಬೀದಿಯವರು ಮೀನು ನೋಡುತ್ತಾ ಅವಳ ಗದ್ದೆ ಏಡಿಯ ಕಥೆ ಕೇಳುತ್ತಾರೆ. ನಿನ್ನೆ ನಾನೂ ಹೋಗಿ ಕುರ್ಚಿಯ ಪಕ್ಕ ನಿಂತಿದ್ದೆ. ಬಸವರಾಜು ಕೇಳಿದ, "ಇನ್ನೊಂದು ಏಡಿ ತರಿಸ್ಲಾ ಅಮ್ಮಾ?"

ಕೇಳಿದ್ದು ಅಮ್ಮನನ್ನು. ಡಿಗ್ರಿ ಇರುವುದು ಯಾರಿಗೆ ಸ್ವಾಮಿ?